ಆರ್ಕಿಟೆಕ್ಚರ್ ಓದುತ್ತೀರಾ? ಮೊದಲು ನಿಮ್ಮ ಕೋಣೆಯನ್ನು ಅಳೆಯಿರಿ

ಆರ್ಕಿಟೆಕ್ಚರ್ ಪದವಿಗೆ ಸೇರಿದ ಹೊಸದರಲ್ಲಿ ಎಲ್ಲರಿಗೂ ದೊಡ್ಡ ಕಟ್ಟಡದ ಕನಸು. ಇರಲಿ, ಬೇಕು. ಆದರೆ ಮೊದಲು ನೀವು ಮಲಗುವ ಕೋಣೆಯನ್ನೇ ಅಳೆದು ಬರೆಯಿರಿ. ಸ್ಟುಡಿಯೋದ, ಅಂದರೆ ವಿನ್ಯಾಸ ಮಾಡಿ ಕಲಿಯುವ ತರಗತಿಯ, ಅರ್ಧ ಪಾಠ ಅಲ್ಲೇ ಇದೆ.

ಟೇಪ್ ಹಿಡಿಯುವ ಮುಂಚೆ ಕೋಣೆಯ ಪ್ಲಾನನ್ನು ಕೈಯಲ್ಲೇ ದೊಡ್ಡದಾಗಿ ಗೀಚಿ. ಪ್ಲಾನ್ ಅಂದರೆ ಸುಮ್ನೆ ಮೇಲಿನಿಂದ ಕಂಡ ಚಿತ್ರ ಅಲ್ಲ. ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಕೋಣೆಯನ್ನು ಅಡ್ಡಕ್ಕೆ ಕೊಯ್ದು, ಕೆಳಗೆ ನೋಡಿದರೆ ಕಾಣುವ ಚಿತ್ರ. ಅದಕ್ಕೇ ಪ್ಲಾನಿನಲ್ಲಿ ಕಿಟಕಿಯೂ ಬರುತ್ತದೆ.

ಈಗ ಅಳತೆ. ಟೇಪಿನ ಸೊನ್ನೆಯನ್ನು ಒಂದು ಮೂಲೆಗೆ ಹಿಡಿದು ಬಾಗಿಲು, ಕಿಟಕಿ, ಕೊನೆಯ ಮೂಲೆ ಎಲ್ಲವನ್ನೂ ಅಲ್ಲಿಂದಲೇ ಓದಿಕೊಳ್ಳಿ. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಸಣ್ಣ ತಪ್ಪುಗಳೆಲ್ಲ ಸೇರಿ ದೊಡ್ಡದಾಗುತ್ತವೆ. ಎರಡು ಕರ್ಣಗಳನ್ನೂ ಅಳೆಯಿರಿ. ಎದುರು ಗೋಡೆಗಳು ಸಮ ಇದ್ದೂ ಕರ್ಣಗಳು ಬೇರೆ ಬೇರೆ ಬಂದರೆ ಮೂಲೆಗಳು 90 ಡಿಗ್ರಿ ಇಲ್ಲ ಎಂದೇ ಅರ್ಥ. ನಾನು ಮೊದಲ ಸಲ ಕರ್ಣ ಬಿಟ್ಟಿದ್ದೆ. ಹಾಳೆಯ ಮೇಲೆ ನಾಲ್ಕನೇ ಗೋಡೆ ಮೂಲೆಗೆ ಸೇರಲೇ ಇಲ್ಲ, ಒಂದು ರಾತ್ರಿಯ ಕೆಲಸ ಹೋಯಿತು.

1:50 ಸ್ಕೇಲಿನಲ್ಲಿ ಬರೆಯಿರಿ. 3 ಮೀಟರ್ ಗೋಡೆ 60 ಮಿಲಿಮೀಟರ್ ಆಗುತ್ತದೆ. ಕೊಯ್ದ ಗೋಡೆಗೆ ದಪ್ಪ ಗೆರೆ, ಆಚೆ ಕಾಣುವುದಕ್ಕೆ ತೆಳು ಗೆರೆ.

ಸೆಕ್ಷನ್‌ಗೆ ಜಾಸ್ತಿ ಹೊತ್ತು ಕೊಡಿ. ಅದು ಕೋಣೆಯನ್ನು ಮೇಲಿನಿಂದ ಕೆಳಕ್ಕೆ ಕೊಯ್ದು ಪಕ್ಕದಿಂದ ನೋಡಿದರೆ ಕಾಣುವ ಚಿತ್ರ. ಕಿಟಕಿಯ ಮೂಲಕ ಹಾಯುವಂತೆ ಕೋಣೆಯನ್ನು ಲಂಬವಾಗಿ ಕೊಯ್ಯಿರಿ. ಕುಳಿತಾಗ ನಿಮ್ಮ ಕಣ್ಣು ಕಿಟಕಿಯ ಯಾವ ಮಟ್ಟಕ್ಕೆ ಬರುತ್ತದೆ? ಬಿಸಿಲು ನೆಲದ ಮೇಲೆ ಎಲ್ಲಿಯವರೆಗೆ ಬೀಳುತ್ತದೆ? ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅದೇ ಸ್ಕೇಲಿನಲ್ಲಿ ಒಬ್ಬ ಮನುಷ್ಯನನ್ನೂ ಬರೆಯಿರಿ. ಆಗ ಗೋಡೆ, ಕಿಟಕಿ ಎಲ್ಲಕ್ಕೂ ಅರ್ಥ ಬರುತ್ತದೆ ಅಲ್ವಾ?

ಹತ್ತಿರ ಮೆಟ್ಟಿಲಿದ್ದರೆ ಬಿಡಬೇಡಿ. ಎರಡು ಮೆಟ್ಟಿಲಿನ ಎತ್ತರಕ್ಕೆ ಒಂದು ಮೆಟ್ಟಿಲಿನಲ್ಲಿ ಕಾಲಿಡುವ ಜಾಗದ ಅಗಲ (ಮುಂದಿನಿಂದ ಹಿಂದಕ್ಕೆ) ಸೇರಿಸಿದರೆ ನಮ್ಮ ಒಂದು ಹೆಜ್ಜೆ ಬರಬೇಕು. ಇದು 17ನೇ ಶತಮಾನದ ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲಾಂಡೆಲ್ ಕೊಟ್ಟ ಲೆಕ್ಕ. ಇವತ್ತು ಅದನ್ನು ಸುಮಾರು 600ರಿಂದ 640 ಮಿಲಿಮೀಟರ್ ಎಂದು ಹಿಡಿಯುತ್ತಾರೆ. ಎತ್ತರ 150, ಅಗಲ 300 ಇದ್ದರೆ 600. ಹತ್ತಿ ಇಳಿದು ನೋಡಿ, ಲೆಕ್ಕ ಕಾಲಿಗೇ ತಿಳಿಯುತ್ತದೆ.

ಕೊನೆಗೆ ಹಾಳೆಗಳನ್ನು ಗೋಡೆಗೆ ಪಿನ್ ಮಾಡಿ ಎರಡು ಮೀಟರ್ ಹಿಂದೆ ನಿಲ್ಲಿ. ಜ್ಯೂರಿಯವರು, ಅಂದರೆ ನಿಮ್ಮ ಕೆಲಸ ನೋಡಿ ತೀರ್ಪು ಹೇಳುವವರು, ನೋಡುವುದೂ ಹೆಚ್ಚುಕಮ್ಮಿ ಅಷ್ಟೇ ದೂರದಿಂದ. ಅಲ್ಲಿಂದ ಕಾಣದ ಗೆರೆಗಳನ್ನು ಮತ್ತೆ ಎಳೆಯಿರಿ.