ಕೆರೆ ಏರಿಯಿಂದ ವಿಚಾರ ಸಂಕಿರಣಕ್ಕೆ: ಹಕ್ಕಿ ಲೆಕ್ಕ ಮಂಡಿಸುವುದು ಹೇಗೆ?

ತಿಂಗಳಿಗೊಮ್ಮೆ ಕೆರೆ ಏರಿಯ ಮೇಲೆ ನಿಂತು ಎಣಿಸಿದ ಹಕ್ಕಿಗಳ ಲೆಕ್ಕ ನೋಟ್‌ಬುಕ್ಕಿನಲ್ಲಿದೆ. ಅದನ್ನು ವಿಚಾರ ಸಂಕಿರಣದಲ್ಲಿ ಮಂಡಿಸಬೇಕೆಂದರೆ ಮೊದಲು ಒಂದೇ ಪ್ರಶ್ನೆ ಹಿಡಿಯಿರಿ. ‘ನಮ್ಮೂರ ಕೆರೆಯ ಜೀವವೈವಿಧ್ಯ’ ಎಂದು ಹೊರಟರೆ ಸಿಕ್ಕ ಹತ್ತು ನಿಮಿಷ ಪಟ್ಟಿ ಓದುವುದಕ್ಕೇ ಹೋಗುತ್ತದೆ. ‘ಹೂಳೆತ್ತಿದ ಮೇಲೆ ಮೆಟ್ಟುಗಾಲು ಹಕ್ಕಿಗಳು ಕಡಿಮೆಯಾದವೇ?’ ಎಂದು ಕೇಳಿ. ಜೆಸಿಬಿ ಇಳಿಸಿ ಕೆರೆಯನ್ನು ಬಟ್ಟಲಿನಂತೆ ತೋಡಿದರೆ ಅಂಚಿನ ಕೆಸರು, ಗೇಣುದ್ದದ ನೀರು ಇಲ್ಲವಾಗುತ್ತದೆ. ನಡೆದಾಡುತ್ತಾ ಮೇಯುವ ಮೆಟ್ಟುಗಾಲು, ಗದ್ದೆಗೊರವಗಳಿಗೆ ಕಾಲೂರಲು ಜಾಗವಿರುವುದಿಲ್ಲ. ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಅಂಥ ತೊಂದರೆಯಿಲ್ಲ. ಎರಡೂ ಗುಂಪನ್ನು ಒಂದೇ ಗ್ರಾಫ್‌ನಲ್ಲಿ ತೋರಿಸಿದರೆ ಅರ್ಧ ವಿವರಣೆಯ ಶ್ರಮ ಉಳಿಯುತ್ತದೆ. ಹೂಳೆತ್ತದ ಪಕ್ಕದ ಕೆರೆಯ ಲೆಕ್ಕವನ್ನೂ ಜೊತೆಗಿಡಿ. ಇಲ್ಲದಿದ್ದರೆ ‘ಆ ವರ್ಷ ಮಳೆಯೇ ಕಡಿಮೆಯಿತ್ತಲ್ಲ?’ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಹೆಚ್ಚಿನವರು ಎಡವುವುದು ಎಣಿಕೆಯ ಶ್ರಮ ಬರೆಯದೆ. ಜನವರಿಯಲ್ಲಿ ಮೂವರು ಎರಡು ಗಂಟೆ ನಿಂತು 140 ಹಕ್ಕಿ ಎಣಿಸಿದರು, ಫೆಬ್ರವರಿಯಲ್ಲಿ ಒಬ್ಬರು ಒಂದು ಗಂಟೆಯಲ್ಲಿ 70 ಎಣಿಸಿದರು ಎಂದಿಟ್ಟುಕೊಳ್ಳಿ. ಅರ್ಧವಾದದ್ದು ಹಕ್ಕಿಯೋ, ನೋಡುವ ಕಣ್ಣೋ? ದಿನಾಂಕ, ಶುರುವಾದ ಹೊತ್ತು, ಅವಧಿ, ಎಷ್ಟು ಜನ: ಈ ನಾಲ್ಕು ಕಾಲಂ ಬೇಕೇ ಬೇಕು. ಹಕ್ಕಿ ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಪಟ್ಟಿ ಹಾಕಿದವರಿಗೆ ಇವು ಅಲ್ಲೇ ಸಿಗುತ್ತವೆ.

ಸಂಕಿರಣಕ್ಕೆ ಮೊದಲೇ ಕಳಿಸುವ ಸಾರಲೇಖವನ್ನು (ಅಬ್‌ಸ್ಟ್ರ್ಯಾಕ್ಟ್) ಸಾಮಾನ್ಯವಾಗಿ 250–300 ಪದಗಳಲ್ಲಿ ಕೇಳುತ್ತಾರೆ. ಅದರಲ್ಲಿ ಫಲಿತಾಂಶದ ಅಂಕಿ ಇರಲೇಬೇಕು. ‘ಫಲಿತಾಂಶಗಳನ್ನು ಚರ್ಚಿಸಲಾಗುವುದು’ ಎಂಬ ಸಾಲು ಕಂಡರೆ ಕೆಲಸ ಇನ್ನೂ ಮುಗಿದಿಲ್ಲ ಎಂದೇ ಪರಿಶೀಲಕರು ಓದಿಕೊಳ್ಳುತ್ತಾರೆ.

ಪೋಸ್ಟರ್ ಆದರೆ ಅಳತೆ ಮೊದಲೇ ಕೇಳಿ. ಎ0 ಎಂದರೆ 84.1 × 118.9 ಸೆಂ.ಮೀ. ಶೀರ್ಷಿಕೆ 80 ಪಾಯಿಂಟ್‌ಗಿಂತ, ಒಳಬರಹ 28ಕ್ಕಿಂತ ಸಣ್ಣದಾಗದಿರಲಿ. ಮೊದಲು ಎ3 ಹಾಳೆಯಲ್ಲಿ ಮುದ್ರಿಸಿ, ಕೈಯಲ್ಲಿ ಹಿಡಿದು ಓದಿ. ಕಣ್ಣು ಕಿರಿದು ಮಾಡಬೇಕಾಗಿ ಬಂದರೆ ಪದ ಕಡಿತ ಮಾಡಿ. 30 ಸೆಂ.ಮೀ. ಅಗಲದ ಚಿತ್ರಕ್ಕೆ ಸುಮಾರು 1,800 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಬಂದದ್ದು ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಕನ್ನಡವನ್ನು ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರಗಳ ಬದಲು ಚಿಹ್ನೆಗಳ ರಾಶಿ ತೆರೆದುಕೊಳ್ಳುತ್ತದೆ. ಯೂನಿಕೋಡ್ ಬಳಸಿ, ಫಾಂಟ್ ಅಡಕವಾದ ಪಿಡಿಎಫ್ ಒಯ್ಯಿರಿ.

ಕೆರೆಯ ಹೆಸರು ಹೇಳಲು ಅಡ್ಡಿಯಿಲ್ಲ. ಆದರೆ ಸಮೀಕ್ಷೆಯಲ್ಲಿ ನಕ್ಷತ್ರ ಆಮೆಯೋ ಕಾಡುಪಾಪವೋ ಕಂಡಿದ್ದರೆ ತಾಲ್ಲೂಕಿನ ಹೆಸರಿಗೇ ನಿಲ್ಲಿಸಿ. ಕದ್ದು ಮಾರುವವರೂ ಪೋಸ್ಟರ್ ಓದುತ್ತಾರೆ. ಮೊಬೈಲ್ ಚಿತ್ರದೊಳಗೆ ಜಿಪಿಎಸ್ ಅಂಕಿ ಅಡಗಿರಬಹುದು, ಫೈಲ್ ಹಂಚುವ ಮುನ್ನ ಅಳಿಸಿ. ಗೂಡಿನ ಕ್ಲೋಸಪ್ ಬೇಡವೇ ಬೇಡ.

ಹೊರಡುವ ದಿನ ಚೀಲದಲ್ಲಿ ಎ4 ಪ್ರತಿ ಇಪ್ಪತ್ತು, ಗುಂಡುಸೂಜಿ, ಎರಡೂ ಬದಿ ಅಂಟುವ ಟೇಪ್ ಇರಲಿ. ಸಂಘಟಕರು ಕೊಡುವ ತೆಳು ಸೆಲ್ಲೋಟೇಪಿಗೆ ಫ್ಲೆಕ್ಸ್ ಮಧ್ಯಾಹ್ನದ ಊಟದವರೆಗೂ ನಿಲ್ಲುವುದಿಲ್ಲ.