ನುಡಿ, ಪೇಜ್‌ಮೇಕರ್ ಬಿಟ್ಟು ಓಜೆಎಸ್‌ಗೆ: ಒಂದು ಕನ್ನಡ ಸಂಶೋಧನಾ ತ್ರೈಮಾಸಿಕ ಬದಲಾದ ಬಗೆ

ಕನ್ನಡದ ಸಂಶೋಧನಾ ಪತ್ರಿಕೆಗೆ ಯುನಿಕೋಡ್ (ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಅಕ್ಷರಸಂಕೇತ) ಪಠ್ಯ, ವಿದ್ವಾಂಸರಿಂದ ಲೇಖನಗಳ ಆನ್‌ಲೈನ್ ಪರಿಶೀಲನೆ, ಲೇಖನಕ್ಕೊಂದು ಡಿಒಐ (ಶಾಶ್ವತ ಆನ್‌ಲೈನ್ ಗುರುತುಸಂಖ್ಯೆ), ಇದೆಲ್ಲ ಆಗುವ ಕೆಲಸವಲ್ಲ ಎಂದವರೇ ಹೆಚ್ಚು. ಆಗಿದೆ. ಎರಡು ವರ್ಷದಿಂದ ನಮ್ಮ ಸಂಚಿಕೆಗಳು ಹೀಗೇ ಬರುತ್ತಿವೆ, ತಡವಾಗದೆ ಬರುತ್ತಿವೆ. ಸಂಶೋಧನಾ ಪತ್ರಿಕೆ ನಡೆಸುವ ತಂತ್ರಾಂಶ ಓಜೆಎಸ್ (ಓಪನ್ ಜರ್ನಲ್ ಸಿಸ್ಟಮ್ಸ್) ಕೂರಿಸಲು ವಾರ ಸಾಕಾಯಿತು. ಕಚೇರಿ ಬದಲಾಗಲು ವರ್ಷಕ್ಕೂ ಮೇಲೆ ಬೇಕಾಯಿತು. ಕೊನೆಗೆ ಫಲ ಕೊಟ್ಟದ್ದು ಎರಡು: ಕೂಲಿಯ ದರಪಟ್ಟಿ ಬದಲಿಸಿದ್ದು, ಕೆಲಸವನ್ನು ಬಾಲದ ಕಡೆಯಿಂದ ಹಿಡಿದದ್ದು.

ಮೊದಲು ಕೂಲಿ. ಟೈಪಿಸಿ ಪುಟ ಜೋಡಿಸುವ ಡಿಟಿಪಿಯವರಿಗೆ ಪುಟಕ್ಕೆ ನಲವತ್ತು, ನಲವತ್ತೈದು ರೂಪಾಯಿ ಇತ್ತು. ಲೇಖಕರೇ ಯುನಿಕೋಡ್‌ನಲ್ಲಿ ಟೈಪಿಸಿ ಕಳಿಸಿದರೆ ಡಿಟಿಪಿಯವರ ಆದಾಯಕ್ಕೆ ಕತ್ತರಿ. ಹಾಗಾಗಿ ಬಂದ ಕಡತವನ್ನು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಮತ್ತೆ ಕುಟ್ಟುವುದು ನಡೆದೇ ಇತ್ತು. ಕರಡು ತಿದ್ದುವವರಿಗೂ ಪ್ರೂಫ್‌ಗಿಷ್ಟು ಎಂಬ ಲೆಕ್ಕ. ಮೂರನೇ ಪ್ರೂಫ್ ಬೇಡ ಎಂದು ಅವರಾದರೂ ಯಾಕೆ ಹೇಳಿಯಾರು? ಎರಡು ದಿನದ ಕಾರ್ಯಾಗಾರ ಮಾಡಿಸಿದರೂ ಈ ಲೆಕ್ಕ ಹಾಗೇ ಇರುವ ತನಕ ಏನೂ ಕದಲಲಿಲ್ಲ. ಆಮೇಲೆ ಲೇಖನಕ್ಕೆ ಇಡಿಗಂಟು ಆರೇಳು ನೂರು ಎಂದು ಗೊತ್ತುಮಾಡಿದೆವು. ಪುಟವಿನ್ಯಾಸ ಮುಗಿದಾಗ ನೂರಕ್ಕೆ ಅರವತ್ತು ಭಾಗ. ಉಳಿದ ನಲವತ್ತು ಲೇಖನ ಜಾಲತಾಣದಲ್ಲಿ ಕಂಡು, ಸಾರಾಂಶ, ಕೀಲಿಪದ, ಲೇಖಕರ ಹೆಸರು ಮೂರೂ ಪಿಡಿಎಫ್‌ಗೆ ತಾಳೆಯಾದ ಮೇಲೆ. ಮೆಟಾಡೇಟಾ (ಲೇಖನದ ಇಂಥ ವಿವರಗಳು) ತುಂಬಿಸಿ ಎಂದು ಯಾರಿಗೂ ಮತ್ತೆ ಹೇಳಬೇಕಾಗಲಿಲ್ಲ.

ಹಳೆಯದು, ಹೊಸದು ಎರಡನ್ನೂ ಜೊತೆಜೊತೆಗೆ ನಡೆಸುವ ಉಪಾಯ ಬೇಡ. ಅಚ್ಚಿನ ದಿನ ಹತ್ತಿರ ಬಂದ ಕೂಡಲೇ ಎಲ್ಲರೂ ಹಳೆಯದಕ್ಕೇ ಓಡುತ್ತಾರೆ. ಹಾಗೆಂದು ಹಳೆಯ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ ಇರುವ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ, ಹಿಂದಿನ ಸಂಚಿಕೆ ತೆರೆಯಲು ಬೇಕು. ಅದರಿಂದ ಪ್ರಿಂಟರ್ ಮಾತ್ರ ಬಿಚ್ಚಿಡಿ.

ಬಾಲದ ಕಡೆಯಿಂದ ಹಿಡಿದ ಕ್ರಮ ಹೀಗೆ. ಅಚ್ಚಾದ ಸಂಚಿಕೆಯನ್ನು ಓಜೆಎಸ್‌ಗೆ ಏರಿಸುವುದು ಮೊದಲು. ಆಮೇಲೆ ಪುಟವಿನ್ಯಾಸ ಪೇಜ್‌ಮೇಕರ್ ಬಿಟ್ಟು ಇನ್‌ಡಿಸೈನ್‌ಗೆ. ಮೂರನೆಯದು ಪರಿಶೀಲಕರು. ಲೇಖಕರು ತಾವೇ ಸಲ್ಲಿಸುವುದು ಕಟ್ಟಕಡೆಗೆ. ಎಲ್ಲರೂ ಲೇಖಕರಿಂದ ಶುರುಮಾಡಿ ಅಲ್ಲೇ ಸಿಕ್ಕಿಬೀಳುತ್ತಾರೆ: ಪಾಸ್‌ವರ್ಡ್ ಮರೆತ ಫೋನುಗಳಿಗೆ ಉತ್ತರ ಹೇಳುವುದರಲ್ಲೇ ಸಂಚಿಕೆ ಕಳೆಯುತ್ತದೆ. ನಿವೃತ್ತ ಪ್ರಾಧ್ಯಾಪಕರಾದ ಪರಿಶೀಲಕರು ಲಾಗಿನ್ ಆಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಆಹ್ವಾನದ ಇಮೇಲ್‌ನಲ್ಲೇ ಒಂದು ಕ್ಲಿಕ್ಕಿಗೆ ಲೇಖನ ತೆರೆಯುವ ಸೌಲಭ್ಯ ಓಜೆಎಸ್‌ನಲ್ಲಿದೆ, ಅದನ್ನು ಹಾಕಿಡಿ. ಅಷ್ಟಾದರೂ ಕೈಬರಹದ ಫೋಟೋ ವಾಟ್ಸ್ಆ್ಯಪ್‌ನಲ್ಲೇ ಬಂದರೆ ಬೇಸರ ಬೇಡ. ಕಚೇರಿಯವರೇ ಅವರ ಪರವಾಗಿ ಏರಿಸಲಿ. ವಿದ್ವಾಂಸರ ಅಭಿಪ್ರಾಯ ಮುಖ್ಯ, ಅದು ಬಂದ ದಾರಿಯಲ್ಲ. ಇಮೇಲನ್ನು ಮಾತ್ರ ಎಸ್‌ಎಂಟಿಪಿ (ಇಮೇಲ್ ಸರ್ವರ್) ಮೂಲಕವೇ ಕಳಿಸಿ, ಇಮೇಲ್ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆ ಹಾಕಿ. ಇಲ್ಲದಿದ್ದರೆ ಆಹ್ವಾನ ಸ್ಪ್ಯಾಮ್‌ಗೆ ಬೀಳುತ್ತದೆ, ಪರಿಶೀಲಕರು ಉತ್ತರಿಸಲಿಲ್ಲ ಎಂಬ ಆರೋಪ ಅವರ ತಲೆಗೆ. ಲೇಖನದ ಕಡತಗಳ ಫೋಲ್ಡರ್ ಜಾಲತಾಣದ ವೆಬ್ ಫೋಲ್ಡರಿನ ಹೊರಗಿರಬೇಕು, ಇಲ್ಲದಿದ್ದರೆ ಹೊರಗಿನವರೂ ಅವನ್ನು ತೆರೆಯಬಹುದು.

ಹೆಚ್ಚು ಬೆವರಿಳಿಸಿದ್ದು ನುಡಿ ಆಸ್ಕಿಯಿಂದ (ನುಡಿ ಫಾಂಟ್ ಇದ್ದರಷ್ಟೇ ಓದಲು ಬರುವ ಹಳೆಯ ಸಂಕೇತ) ಯುನಿಕೋಡ್‌ಗೆ ಪರಿವರ್ತನೆ. ಆಸ್ಕಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಇರುತ್ತದೆ. ಯುನಿಕೋಡ್‌ನಲ್ಲಿ ‘ರ್’ ಇಡೀ ವ್ಯಂಜನಗುಚ್ಛಕ್ಕಿಂತ ಮೊದಲು ಬರಬೇಕು. ಒತ್ತಕ್ಷರವೂ ಜೊತೆಗಿದ್ದರೆ ಪರಿವರ್ತಕ ಎಡವುತ್ತದೆ. ಯಾವ ಪರಿವರ್ತಕವನ್ನೇ ಆಗಲಿ ಸಾಮರ್ಥ್ಯ, ಆರ್ದ್ರ, ಅರ್ಘ್ಯ, ಸ್ವಾತಂತ್ರ್ಯ, ವೈಶಿಷ್ಟ್ಯ, ಈ ಐದು ಪದ ಕೊಟ್ಟು ನೋಡಿಯೇ ಬಳಸಿ. ಲೇಖನದ ನಡುವೆ ಇಂಗ್ಲಿಷ್ ಉಲ್ಲೇಖಗಳಿದ್ದರೆ ಅವೂ ಕನ್ನಡದ ಕಲಸುಮೇಲೋಗರ ಆಗುತ್ತವೆ. ಅದಕ್ಕೇ ವರ್ಡ್‌ನಲ್ಲಿ ಫಾಂಟ್ ಪ್ರಕಾರ ಹುಡುಕಿ, ನುಡಿ ಫಾಂಟ್ ಇರುವ ತುಂಡುಗಳನ್ನಷ್ಟೇ ಪರಿವರ್ತಿಸಿ. ದೀರ್ಘದ ಚಿಹ್ನೆ ಬೇರೆಯಾಗಿ ಉಳಿದು ‘ಕೇ’ ಎರಡು ಬಗೆಯಲ್ಲಿ ದಾಖಲಾಗಿದ್ದರೆ ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ. ಎನ್‌ಎಫ್‌ಸಿ ನಾರ್ಮಲೈಸ್ (ಎರಡನ್ನೂ ಒಂದೇ ರೂಪಕ್ಕೆ ತರುವ ಯುನಿಕೋಡ್ ವಿಧಾನ) ಮಾಡಿದರೆ ಸರಿಹೋಗುತ್ತದೆ.

ಸೊನ್ನೆಯದು ಇನ್ನೂ ಕಾಟ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ ಕುಟ್ಟುವವರು ಬಹಳ. ‘ಕ೦ಡ’ ಮತ್ತು ‘ಕಂಡ’ ಪಕ್ಕಪಕ್ಕ ಇಟ್ಟರೆ ಕರಡು ತಿದ್ದುವವರ ಕಣ್ಣಿಗೂ ಬೀಳುವುದಿಲ್ಲ, ಹುಡುಕಿದರೆ ಮೊದಲನೆಯದು ಸಿಗುವುದಿಲ್ಲ. ಅಕ್ಷರಕ್ಕೆ ಅಂಟಿದ ೦ ಕಂಡಲ್ಲೆಲ್ಲ ಬದಲಿಸಿ; ಅಂಕಿಗಳ ನಡುವೆ ಇರುವುದನ್ನು ಮುಟ್ಟಬೇಡಿ, ಶಾಸನದ ಇಸವಿಗಳು ಕೆಡುತ್ತವೆ. ಶಾಸನಪಾಠದ ಱ, ೞ ಮಾತ್ರ ಯಂತ್ರಕ್ಕೆ ಬಿಡದೆ ಕೈಯಿಂದಲೇ ತಿದ್ದಬೇಕು. ಯಾವುದನ್ನು ಯಾವುದಕ್ಕೆ ಬದಲಿಸಬೇಕೆಂಬ ಪಟ್ಟಿ ಯಾವ ಅನುಕ್ರಮದಲ್ಲಿ ಓಡಬೇಕು ಎಂಬುದೇ ಇದರ ಜೀವಾಳ. ನಮ್ಮ ಪಟ್ಟಿಯಲ್ಲಿ ಇನ್ನೂರರ ಆಸುಪಾಸು ಸಾಲುಗಳಿವೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಆ ಪಟ್ಟಿ ಬೆಳೆದದ್ದು ತಪ್ಪಿನ ವಹಿಯಿಂದ. ಕಂಪ್ಯೂಟರ್ ಪಕ್ಕ ಒಂದು ಉದ್ದ ನೋಟ್‌ಬುಕ್, ಸಾಲಿಗೊಂದು ತಪ್ಪು: ಪದ, ಕಂಡ ಜಾಗ, ತಿದ್ದಿದ ಬಗೆ. ಯಾರಿಂದಾಯಿತು ಎಂಬ ಕಾಲಂ ಬೇಡವೇ ಬೇಡ. ಅದಿದ್ದರೆ ಯಾರೂ ಬರೆಯುವುದಿಲ್ಲ. ಒಂದೇ ತಪ್ಪು ಮೂರು ಸಲ ಬಂದರೆ ಪಟ್ಟಿಗೆ ಸೇರುತ್ತದೆ. ಸಂಚಿಕೆ ಹೊರಟ ಮೇಲೆ ಚಹಾ ತರಿಸಿ ಎಲ್ಲರೂ ಕೂತು ಒಂದು ಗಂಟೆ ಜೋರಾಗಿ ಓದುತ್ತೇವೆ. ಡಿಟಿಪಿಯವರು ಸಂಪಾದಕರಿಗೆ ಪಾಠ ಹೇಳುವುದು ಅಲ್ಲೇ.

ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿ ಜೋಡಿಸಬಲ್ಲ ವರ್ಲ್ಡ್ ರೆಡಿ ಕಂಪೋಸರ್ ಆಯ್ದಿರಬೇಕು, ಇಲ್ಲದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಪಿಡಿಎಫ್‌ನಿಂದ ಕನ್ನಡ ನಕಲು ಮಾಡಿದರೆ ಅಕ್ಷರ ಅದಲುಬದಲಾಗುವುದು ಇದ್ದದ್ದೇ. ಹಾಗಾಗಿ ಸಾರಾಂಶವನ್ನು ಪಿಡಿಎಫ್‌ನಿಂದ ಎತ್ತಬೇಡಿ, ಮೂಲ ವರ್ಡ್ ಕಡತದಿಂದಲೇ ತನ್ನಿ. ನಡುವೆ ಜಾಟ್ಸ್ ಎಕ್ಸ್‌ಎಂಎಲ್ (ಲೇಖನದ ಒಂದೊಂದು ಭಾಗಕ್ಕೂ ಗುರುತು ಹಚ್ಚುವ ಕಡತ ಮಾದರಿ) ಕೂಡ ಮಾಡಿ ನೋಡಿದೆವು. ಸಾದಾ ಲೇಖನಕ್ಕೆ ಚೆನ್ನಾಗಿ ಬಂತು. ಅಡಿಟಿಪ್ಪಣಿಯೊಳಗೆ ಶಾಸನಪಾಠ ಇದ್ದಲ್ಲಿ ಸಾಲುಗಳೆಲ್ಲ ಕಲೆತುಹೋದವು. ಸದ್ಯಕ್ಕೆ ಬದಿಗಿಟ್ಟಿದ್ದೇವೆ.

ಡಿಒಐ ಉತ್ತರಭಾಗಕ್ಕೆ (ಓರೆಗೆರೆಯ ನಂತರದ್ದು) ಸಂಪುಟ, ಸಂಚಿಕೆ, ಪುಟಸಂಖ್ಯೆ ತುರುಕಬೇಡಿ. ಲೇಖನ ಮುಂದಿನ ಸಂಚಿಕೆಗೆ ಹೋದರೆ ಸುಳ್ಳಾಗುತ್ತದೆ, ಬದಲಿಸಲಾಗದು. ಬರೀ ಅಕ್ಷರ, ಅಂಕಿ ಸಾಕು. ಓಜೆಎಸ್‌ನಲ್ಲಿ ಲೇಖಕರ ಹೆಸರಿನ ಇನಿಷಿಯಲ್ ಮೊದಲ ಖಾನೆಗೆ, ಹೆಸರು ಎರಡನೆಯದಕ್ಕೆ. ಇದನ್ನು ಬರೆದು ಗೋಡೆಗೆ ಅಂಟಿಸಿ, ಇಲ್ಲವಾದರೆ ಒಬ್ಬರೇ ಲೇಖಕರು ಮೂವರಾಗುತ್ತಾರೆ. ಆನ್‌ಲೈನ್ ಆವೃತ್ತಿಗೆ ಬೇರೆ ಐಎಸ್‌ಎಸ್‌ಎನ್ (ಪತ್ರಿಕೆಯ ಗುರುತುಸಂಖ್ಯೆ) ಬೇಕು. ದೆಹಲಿಯ ರಾಷ್ಟ್ರೀಯ ಕೇಂದ್ರ ಪುಕ್ಕಟೆ ಕೊಡುತ್ತದೆ.

ದುಡ್ಡಿನ ಲೆಕ್ಕ. ಹೋಸ್ಟಿಂಗ್ ವರ್ಷಕ್ಕೆ ಆರು ಸಾವಿರ. ನಾವು ಸೇರಿದಾಗ ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಗೆ ಸಣ್ಣ ಪ್ರಕಾಶಕರ ಶುಲ್ಕ ವರ್ಷಕ್ಕೆ 275 ಡಾಲರ್ ಇತ್ತು, ಎಂದರೆ ಇಪ್ಪತ್ತಮೂರು ಸಾವಿರದ ಹತ್ತಿರ. ಡಿಒಐ ನೋಂದಣಿಗೆ ಆಗ ಹೊಸ ಲೇಖನಕ್ಕೆ 1 ಡಾಲರ್, ಹಳೆಯದಕ್ಕೆ 15 ಸೆಂಟ್ ಇತ್ತು. ವರ್ಷಕ್ಕೆ ನಲವತ್ತು ಲೇಖನ, ಹಿಂದಿನವು ನಾನೂರು: ಮೊದಲ ವರ್ಷ ಇನ್ನೊಂದು ಎಂಟು ಸಾವಿರ ಹೋಯಿತು. ಪ್ರಾಯೋಜಕ ಸಂಸ್ಥೆಯ ಮೂಲಕ ಸೇರಿದರೆ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ. ಪತ್ರಿಕೆ ನಡೆಸುವ ಟ್ರಸ್ಟ್ ಖಾತೆಗೆ ವಿದೇಶಿ ಪಾವತಿಯ ಕಾರ್ಡ್ ಇರುವುದು ಅಪರೂಪ, ಬ್ಯಾಂಕಿನ ಓಡಾಟಕ್ಕೆ ಎರಡು ತಿಂಗಳು ಮೊದಲೇ ಇಳಿಯಿರಿ. ಉಳಿತಾಯವಾದದ್ದು ಇದು: ಪರಿಶೀಲಕರಿಗೆ ಹೋಗಿಬರುವ ಸ್ಪೀಡ್ ಪೋಸ್ಟ್ ಹನ್ನೆರಡು ಸಾವಿರ, ಅಚ್ಚು ಐನೂರು ಪ್ರತಿಯಿಂದ ಇನ್ನೂರಕ್ಕೆ ಇಳಿಸಿದ್ದರಿಂದ ಅದರ ಮೂರ್ನಾಲ್ಕು ಪಟ್ಟು. ಡಿಟಿಪಿಯವರ ಹೊಸ ದರಕ್ಕೆ ಹೆಚ್ಚುವರಿ ಹಣ ಬಂದದ್ದು ಈ ಉಳಿತಾಯದಿಂದಲೇ.