ವಿಶ್ವಸಂಸ್ಥೆಯ ಒಪ್ಪಿಗೆಯಿಲ್ಲದ ಯುದ್ಧ ಸರಿಯೇ? ಚರ್ಚೆಗೆ ಸಿದ್ಧವಾಗುವ ಬಗೆ

ಈ ವಿಷಯದ ಮೇಲೆ ಮಾತನಾಡಲು ನಿಲ್ಲುವವರು ಕಾನೂನಿನ ಪ್ರಶ್ನೆಯನ್ನೂ ನ್ಯಾಯದ ಪ್ರಶ್ನೆಯನ್ನೂ ಮೊದಲೇ ಬೇರ್ಪಡಿಸಿಕೊಳ್ಳಬೇಕು. ಕಾನೂನಿನ ಭಾಗ ಚಿಕ್ಕದು. ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿ ಬಲಪ್ರಯೋಗವನ್ನು ನಿಷೇಧಿಸುತ್ತದೆ. ಸಶಸ್ತ್ರ ದಾಳಿಯಾದಾಗ 51ನೇ ವಿಧಿ ಒಪ್ಪುವ ಆತ್ಮರಕ್ಷಣೆ ಮತ್ತು ಭದ್ರತಾ ಮಂಡಳಿಯ ಅನುಮತಿ, ಇವೆರಡೇ ಅದಕ್ಕಿರುವ ಸ್ಪಷ್ಟ ವಿನಾಯಿತಿಗಳು.

ನ್ಯಾಯದ ಭಾಗಕ್ಕೆ ಉದಾಹರಣೆ ಆರಿಸುವಾಗ, ನಮ್ಮದೇ 1971ರ ಯುದ್ಧದಿಂದ ಆರಂಭಿಸಿ ಎಂಬುದು ನನ್ನ ಸಲಹೆ; ನಮಗೆ ಪ್ರಿಯವಾದ ಯುದ್ಧವನ್ನು ಪರೀಕ್ಷೆಗೆ ಒಡ್ಡದವರ ವಾದವನ್ನು ಯಾರೂ ನಂಬುವುದಿಲ್ಲ. ಆ ವರ್ಷದ ಡಿಸೆಂಬರ್ 7ರಂದು ಮಹಾಸಭೆಯಲ್ಲಿ ಕದನವಿರಾಮವನ್ನೂ ಸೇನೆಗಳ ವಾಪಸಾತಿಯನ್ನೂ ಕೇಳುವ ನಿರ್ಣಯದ ಪರವಾಗಿ 104 ಮತಗಳು ಬಿದ್ದವು, ವಿರುದ್ಧ ಬಿದ್ದದ್ದು 11 ಮಾತ್ರ. ಈ ಅಂಕಿಯನ್ನು ಮುಚ್ಚಿಡದೆ ನೀವೇ ಮುಂದಿಡಿ. ಅನಂತರ ಪೂರ್ವ ಬಂಗಾಳದಲ್ಲಿ ಮಾರ್ಚ್ 25ರಿಂದ ನಡೆದ ಹತ್ಯೆಗಳು, ಭಾರತಕ್ಕೆ ಬಂದ ಸುಮಾರು 1 ಕೋಟಿ ನಿರಾಶ್ರಿತರು, ಡಿಸೆಂಬರ್ 3ರಂದು ನಮ್ಮ ವಾಯುನೆಲೆಗಳ ಮೇಲೆ ಪಾಕಿಸ್ತಾನ ನಡೆಸಿದ ದಾಳಿ, 1972ರ ಮಾರ್ಚ್‌ನಲ್ಲಿ ಢಾಕಾದಿಂದ ಹಿಂದಿರುಗಿದ ನಮ್ಮ ಸೇನೆ, ಇವನ್ನು ಒಂದೊಂದಾಗಿ ಎದುರಿಗಿಟ್ಟು ತೂಗಿ. ನವೆಂಬರ್‌ನಲ್ಲಿಯೇ ನಮ್ಮ ಪಡೆಗಳು ಗಡಿ ದಾಟಿದ್ದವೆಂಬುದನ್ನು ಎದುರಾಳಿ ಎತ್ತಿದರೆ ಅಲ್ಲಗಳೆಯಬೇಡಿ; ಆತ್ಮರಕ್ಷಣೆಯ ವಾದ ಅಲ್ಲಿ ಸಡಿಲವಾಗುತ್ತದೆ, ಮಾನವೀಯ ವಾದ ಸಡಿಲವಾಗುವುದಿಲ್ಲ.

ಮುಂದಿನ ಪ್ರಶ್ನೆ ಇನ್ನೂ ಕಠಿಣ. 1999ರಲ್ಲಿ ಯುಗೊಸ್ಲಾವಿಯಾದ ಭಾಗವಾಗಿದ್ದ ಕೊಸೊವೊದ ಜನರನ್ನು ರಕ್ಷಿಸಲೆಂದು ನೇಟೊ ಪಡೆಗಳು ಮಂಡಳಿಯ ಅನುಮತಿಯಿಲ್ಲದೆ ಯುಗೊಸ್ಲಾವಿಯಾದ ಮೇಲೆ 78 ದಿನ ಬಾಂಬ್ ಹಾಕಿದಾಗ, ಅದನ್ನು ನಿಲ್ಲಿಸಬೇಕೆಂದು ರಷ್ಯಾ ಮತ್ತು ಬೆಲಾರುಸ್ ಜೊತೆ ಕರಡು ನಿರ್ಣಯ ಮಂಡಿಸಿದ ದೇಶ ಭಾರತವೇ. ಮಂಡಳಿ ಅದನ್ನು 3ರ ಎದುರು 12 ಮತಗಳಿಂದ ತಿರಸ್ಕರಿಸಿತು. 1971 ಸರಿ, 1999 ತಪ್ಪು ಎನ್ನುವವರು ಎರಡರ ನಡುವಿನ ವ್ಯತ್ಯಾಸವನ್ನು ಕಾರಣಸಹಿತ ಹೇಳಬೇಕು. ನಿರಾಶ್ರಿತರ ಹೊರೆ ನಮ್ಮ ನೆಲದ ಮೇಲೆಯೇ ಬಿದ್ದಿತ್ತು ಎಂಬುದು ಸಾಕಷ್ಟು ಬಲವಾದ ಕಾರಣವೆಂದು ನನಗೆ ಅನ್ನಿಸುತ್ತದೆ.

ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂದು ಹೇಳಿ ಅಮೆರಿಕ ಮತ್ತು ಮಿತ್ರದೇಶಗಳು ಆರಂಭಿಸಿದ 2003ರ ಇರಾಕ್ ಯುದ್ಧವನ್ನು ವಿರೋಧಿಸುವವರು, ಆ ಅಸ್ತ್ರಗಳು ಕೊನೆಗೂ ಸಿಗಲಿಲ್ಲ ಎಂಬ ಒಂದೇ ಮಾತಿನ ಮೇಲೆ ನಿಲ್ಲಬಾರದು, ಏಕೆಂದರೆ ಅದು ಆಮೇಲೆ ತಿಳಿದದ್ದು. ಯುದ್ಧ ಆರಂಭವಾದ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ತಪಾಸಕರು ಇನ್ನೂ ಕೆಲಸದಲ್ಲಿದ್ದರು, ಮತ್ತಷ್ಟು ತಿಂಗಳುಗಳ ಕಾಲಾವಕಾಶ ಬೇಕೆಂದಿದ್ದರು. ಆ ಅವಕಾಶವನ್ನು ಏಕೆ ಕೊಡಲಿಲ್ಲ ಎಂದು ಕೇಳಿ, ಉತ್ತರಕ್ಕೆ ಕಾಯಿರಿ.